ನಾಲ್ಕು ನಿಮಿಷ ಮೊದಲೇ ಹೊರಡುವ ರೈಲು

ರೈಲು ವೇಳಾಪಟ್ಟಿಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಜನ ಕಾರು ಬಿಟ್ಟು ರೈಲು ಹತ್ತುವಂತೆ ಮಾಡುವುದು ಹೇಗೆಂದು ಕಂಡುಹಿಡಿಯಲು ಈ ಬೇಸಿಗೆಯಲ್ಲಿ ನನ್ನ ಮಗಳನ್ನು ಸೇರಿಸಿಕೊಂಡಿರಿ. ನಿಮ್ಮದೇ ರೈಲು ಹತ್ತಲಾಗದೆ ಒಂದು ದಿನ ಬರಲಿಲ್ಲವೆಂದು ಐದನೆಯ ವಾರ ಅವಳನ್ನು ತೆಗೆದುಹಾಕಿದಿರಿ. ನಾನು ಇಂಗ್ಲಿಷಿನಲ್ಲಿ ಬರೆದ ಮೂರು ಪತ್ರಗಳಿಗೂ 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂಬ ಒಂದೇ ಯಂತ್ರದುತ್ತರ ಬಂತು. ಹಾಗಾಗಿ ನಾಲ್ಕನೆಯದನ್ನು ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ಓದುವುದಿಲ್ಲವೆಂಬುದರಲ್ಲಿ ವ್ಯತ್ಯಾಸವೇನೂ ಆಗದು. ಬೇರೆ ಕೆಲವರಾದರೂ ಓದುತ್ತಾರೆ.

ಮಗಳು ಗಾರ್ಗಿ ಸಿವಿಲ್ ಎಂಜಿನಿಯರಿಂಗ್ ಎರಡನೆಯ ವರ್ಷ ಮುಗಿಸಿದ್ದಾಳೆ. ಫಿಟ್ಸ್ ಬರುವುದರಿಂದ ಡ್ರೈವಿಂಗ್ ಲೈಸೆನ್ಸ್ ಇಲ್ಲ. ಸ್ಯಾನ್ ರಮೋನಿನಲ್ಲಿ ಕಾರಿಲ್ಲದವರಿಗೆ ಹಾಲು ತರುವುದೂ ಒಂದು ಪ್ರಯಾಣವೇ. ಮನೆಯಲ್ಲಿ ನಾವಿಬ್ಬರೇ, ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನ ಆರರ ಪಾಳಿಯವಳು, ಅವಳನ್ನು ಹೋಗಬೇಕಾದಲ್ಲಿಗೆ ಕಾರಿನಲ್ಲಿ ಬಿಟ್ಟುಬರಲಾರೆ. ಎಂಟು ವಾರಗಳ ಸಂಶೋಧನೆಗೆ ಆಯ್ಕೆಯಾದ ದಿನ ಅವಳೆಂದಳು: "ಅಮ್ಮ, ರೈಲಿನ ಕೆಲಸಕ್ಕೆ ರೈಲಲ್ಲೇ ಹೋಗ್ತೀನಿ. ಪರ್ಫೆಕ್ಟ್ ಅಲ್ವಾ?"

ಎಷ್ಟು ಪರ್ಫೆಕ್ಟೆಂದರೆ, ಬಸ್ಸು ನಿಲ್ದಾಣ ತಲುಪುವುದು 6:52ಕ್ಕೆ, ರೈಲು ಹೊರಡುವುದು 6:48ಕ್ಕೆ. ಬಸ್ಸೂ ನಿಮ್ಮದೇ, ರೈಲೂ ನಿಮ್ಮದೇ. ಅವೆರಡನ್ನೂ ಪರಸ್ಪರ ಭೇಟಿಯಾಗದಂತೆ ಕಾಪಾಡಲು ಎಷ್ಟು ಮಂದಿ ತಜ್ಞರು ಬೇಕಾಯಿತು? ಮುಂದಿನ ರೈಲು ಒಂದು ಗಂಟೆಯ ಮೇಲೆ. ಸಾಂಟಾ ಕ್ಲಾರಾದ ನಿಮ್ಮ ಕಚೇರಿಯಲ್ಲಿ ಹಾಜರಿ ಎಂಟೂವರೆಗೆ. ಅವಳು ತಲುಪುವಾಗ ಒಂಬತ್ತು ದಾಟಿರುತ್ತಿತ್ತು.

ಕಾಯುವ ಹೊತ್ತನ್ನು ಅವಳು ಹಾಳುಮಾಡಲಿಲ್ಲ. ಬಸ್ಸಿಳಿದು ಖಾಲಿ ಹಳಿ ನೋಡಿ ನಿಲ್ಲುವವರನ್ನು ಎಣಿಸಿದಳು. ದಿನಕ್ಕೆ ಸರಾಸರಿ ಹತ್ತೊಂಬತ್ತು ಜನ. ಬಸ್ಸನ್ನು ಹತ್ತು ನಿಮಿಷ ಮೊದಲು ಹೊರಡಿಸಿದರೆ ಸಾಕೆಂದು ಮೂರನೆಯ ವಾರ ನಿಮ್ಮ ಸಭೆಯಲ್ಲೇ ಹೇಳಿದಳು. ನೀವು ಮೆಚ್ಚಿಕೊಂಡು, ಅಧ್ಯಯನ ಪೂರ್ಣವಾದ ಮೇಲೆ ಪರಿಶೀಲಿಸೋಣ ಎಂದಿರಿ. ಮರುದಿನವೇ ನಿಮ್ಮ ಕಚೇರಿಯಿಂದ ಎಚ್ಚರಿಕೆ: ಇನ್ನೊಂದು ದಿನ ತಡವಾದರೂ ಕೆಲಸವಿಲ್ಲ.

ಉಳಿದದ್ದು ಅದರ ಹಿಂದಿನ, ಐದು ಗಂಟೆಯ ಬಸ್ಸು. ಅದಕ್ಕೆ ನಾಲ್ಕಕ್ಕೇ ಏಳಬೇಕು. ನಿದ್ದೆಗೆಟ್ಟರೆ ಫಿಟ್ಸ್ ಬರುತ್ತದೆಂದು ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಲಾರಂ ಇಟ್ಟುಕೊಟ್ಟವಳು ನಾನೇ. ನನ್ನ ಪಾಲಿನ ತಪ್ಪನ್ನು ನಾನು ಬರೆದಿದ್ದೇನೆ. ನಿಮ್ಮದನ್ನು ನೀವು ಬರೆದುಕೊಳ್ಳಿ.

ಹಾಗೆ ಹೊರಟ ಆರನೆಯ ದಿನ ಬೆಳಿಗ್ಗೆ ನಾನು ಲ್ಯಾಬಿನಲ್ಲಿದ್ದಾಗ ಅವಳ ಫೋನಿನಿಂದ ಗಂಡಸಿನ ದನಿ ಕೇಳಿಸಿತು. "ಅಕ್ಕಾರ, ನಾ ಫುರ್ಕಾನ್ ಅಂತ, ಸ್ಟೇಷನ್ನಿಂದ ಮಾತಾಡಾಕತ್ತೀನ್ರಿ. ನಿಮ್ಮ ಹುಡುಗಿ ಬಿದ್ದಿದ್ಲು. ಈಗ ಕಣ್ಣು ಬಿಟ್ಟಾಳ. ನಾ ಇಲ್ಲೇ ಕುಂತೀನಿ, ನೀವು ನಿಧಾನಕ್ಕ ಬರ್ರಿ." ಫುರ್ಕಾನ್ ಹುಬ್ಬಳ್ಳಿಯವನು, ಸಾಂಟಾ ಕ್ಲಾರಾದ ಎಲ್ ಕಮಿನೋ ರಸ್ತೆಯ ಗ್ರೋಸರಿ ಅಂಗಡಿಯಲ್ಲಿ ಕೆಲಸ. ಅವನೂ ತಡವಾಗುವ ಭಯಕ್ಕೆ ಅದೇ ಐದರ ಬಸ್ಸು ಹಿಡಿಯುತ್ತಿದ್ದ. ನಾನು ಹೋದಾಗ ಗಾರ್ಗಿಯ ತಲೆಯಡಿ ಅವನ ಊಟದ ಚೀಲವಿತ್ತು. ಅವನ ರೈಲು ಹೋಗಿತ್ತು.

ಮರುದಿನ ನಿಮ್ಮ ಆದೇಶ ಬಂತು. ಕಾರಣ: ಅನುಮತಿಯಿಲ್ಲದ ಗೈರುಹಾಜರಿ. ಡಾಕ್ಟರ ಪತ್ರ ಕಳಿಸಿದೆ. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.' ಅಲ್ಲಿಗೆ ಅಧ್ಯಯನ ಪೂರ್ಣವಾಗಲಿಲ್ಲ, ಆದ್ದರಿಂದ ಬಸ್ಸಿನ ಸಮಯವೂ ಬದಲಾಗಲಿಲ್ಲ.

ಗಾರ್ಗಿ ಈಗ ಮನೆಯಲ್ಲಿದ್ದಾಳೆ. ಹಿತ್ತಲ ಗೋಡೆಯಾಚೆ ಇಡೀ ದಿನ ಫ್ರೀವೇ ಸದ್ದು. ಮುಂದಿನ ವರ್ಷ ಬೇರೆ ಕಡೆ ಅರ್ಜಿ ಹಾಕು ಎಂದೆ. "ಹಾಕ್ಬೋದು. ಬಟ್ ಅಲ್ಲಿಗೆ ಹೋಗೋದು ಹೇಗಮ್ಮಾ?" ಎಂದಳು. ಅದಕ್ಕೆ ಉತ್ತರ ನಿಮ್ಮಲ್ಲಿದೆಯೇ?

ಹೋದ ವಾರ ಫುರ್ಕಾನ್ ಹಳೆಯ ಕಾರೊಂದನ್ನು ಕೊಂಡ. "ಏನ್ ಮಾಡೂದ್ರಿ ಅಕ್ಕಾರ, ನೌಕರಿ ಉಳಿಸ್ಕೋಬೇಕಲ್ಲ," ಎಂದ. ರೈಲಿಗೆ ಬೇಡಿಕೆ ಕಡಿಮೆಯಾಗಿದೆ ಎಂದು ನೀವು ಮುಂದೆ ವರದಿ ಬರೆಯುವಾಗ, ಆ ಕಡಿಮೆಯಾದವನು ಇವನೇ ಎಂದು ತಿಳಿದಿರಲಿ.

ನನ್ನ ಬೇಡಿಕೆ ಎರಡು. ಬಸ್ಸನ್ನು ಹತ್ತು ನಿಮಿಷ ಮೊದಲು ಹೊರಡಿಸಿ. ಗಾರ್ಗಿಯ ಹೆಸರಿನ ಮುಂದಿರುವ 'ಗೈರುಹಾಜರಿ' ಎಂಬ ಪದವನ್ನು ಅಳಿಸಿ. ಆ ಬೆಳಿಗ್ಗೆ ಅವಳು ನಿಮ್ಮ ಪ್ಲಾಟ್‌ಫಾರ್ಮಿನ ಮೇಲೆಯೇ ಇದ್ದಳು.

ಇಂತಿ,
ಬೇರೆ ದಾರಿಯಿಲ್ಲದ ನಿಮ್ಮ ಪ್ರಯಾಣಿಕಳ ತಾಯಿ,
ವೇದವತಿ, ಸ್ಯಾನ್ ರಮೋನ್