ದಿಲ್ಲಿಗೆ ಹೇಳಿದ ‘ಒಲ್ಲೆ’

ಉಣಕಲ್,
೨೦ ಸೆಪ್ಟೆಂಬರ್ ೨೦೦೯

ಚಿರಂಜೀವಿ ದಾಕ್ಷಾಯಿಣಿ,

ನಿನ್ನ ಅವ್ವ ಹರಸಿ ಬರೆಯುವುದು. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಸಿಟ್ಟಿಗೇಳುತ್ತೇನೆ. ಅದಕ್ಕೇ ಈ ಕಾಗದ.

ರಷ್ಯಾದ ಮೇಲಿನ ಹಿಮದ ಸಮುದ್ರವನ್ನು ಎರಡು ಸರಕಿನ ಹಡಗುಗಳು ದಾಟಿದವೆಂದು ಪೇಪರಿನಲ್ಲಿ ಬಂದಿದೆ. ನೀನು ಇದನ್ನು ಮೂರು ವರ್ಷದ ಹಿಂದೆಯೇ ಹೇಳಿದ್ದಿ. ಅಡಿಗೆಮನೆಯಲ್ಲಿ ತಾಮ್ರದ ಕೊಡ ಬೋರಲು ಹಾಕಿ, ಇದೇ ಭೂಮಿ ಎಂದು, ವಿಭೂತಿ ಕಲಸಿ ಅದರ ನೆತ್ತಿಯ ಮೇಲೆ ಗೆರೆ ಎಳೆದಿದ್ದಿ. “ಬೈಪಾಸ್ ಆದ ಮ್ಯಾಲ ಲಾರಿ ನಮ್ಮ ಪ್ಯಾಟಿ ಬಿಟ್ಟು ಹೊಂಟಾವಲ್ಲ ಅವ್ವಾ, ಹಂಗ ನಾಳೆ ಹಡಗ ನಮ್ಮ ದೇಶಾನ ಬಿಟ್ಟು ಹೋಗ್ತಾವು” ಎಂದಿ. ನಮ್ಮ ಯಾವ ಬಂದರಿಗೆ ಪೆಟ್ಟು ಬೀಳುತ್ತದೆ, ಹಿಮದಲ್ಲಿ ಓಡುವ ಹಡಗು ನಾವೂ ಕಟ್ಟಬೇಕೇ, ಆ ದಾರಿಯ ನಿಯಮ ಮಾಡುವವರ ನಡುವೆ ನಮಗೂ ಕುರ್ಚಿ ಬೇಡವೇ, ಎಲ್ಲ ಬರೆದು ಬಂದರು-ಹಡಗುಗಳ ವಿಚಾರ ನೋಡುವ ದಿಲ್ಲಿಯ ಸರಕಾರಿ ಸಮಿತಿಗೆ ಕಳಿಸಿದಿ. ನಾನು ವಿಭೂತಿ ಹಾಳು ಮಾಡಿದ್ದಕ್ಕೆ ಬೈದೆ.

ದಿಲ್ಲಿಯಿಂದ ಏನೂ ಬರಲಿಲ್ಲವೆಂದು ನೀನು ತಿಳಿದಿದ್ದೀ. ಬಂದಿತ್ತು. ಎರಡು ವರ್ಷದ ಹಿಂದೆ, ನೀನು ಕಾರವಾರದ ಬಂದರು ನೋಡಲು ಹೋಗಿದ್ದ ವಾರ. ಲಕೋಟೆ ನಾನೇ ಒಡೆದೆ. ನಮ್ಮ ಹತ್ತಿ ಅಂಗಡಿಯ ಗುಮಾಸ್ತ ಮುರುಗೆಪ್ಪ ಓದಿ ಹೇಳಿದ: ಆ ಹಿಮದ ದಾರಿಯ ಬಗ್ಗೆ ದೇಶದ ಯೋಜನೆ ಬರೆಯುವ ಐದು ಜನರಲ್ಲಿ ನೀನೂ ಒಬ್ಬಳು, ಒಪ್ಪಿಗೆ ತಿಳಿಸಬೇಕು.

ನಮ್ಮ ಮನೆಯ ರೂಢಿ ನಿನಗೆ ಗೊತ್ತು. ಹತ್ತಿ ಕೇಳಲು ಬಂದವರಿರಲಿ, ಹೆಣ್ಣು ಕೇಳಲು ಬಂದವರಿರಲಿ, ಮೊದಲ ಸಲ ಒಲ್ಲೆ ಎನ್ನುತ್ತೇವೆ. ಬೇಕಾದವರು ತಿರುಗಿ ಬರುತ್ತಾರೆ. ನಿನ್ನ ಅಪ್ಪನನ್ನೂ ನನ್ನ ತವರಿನವರು ಹಾಗೆಯೇ ಒಮ್ಮೆ ಮರಳಿ ಕಳಿಸಿದ್ದರು. ಮುರುಗೆಪ್ಪನಿಂದ ಇಂಗ್ಲಿಷಿನಲ್ಲಿ ಬರಲಾಗುವುದಿಲ್ಲವೆಂದು ಬರೆಸಿ, ನಿನ್ನ ಹೆಸರು ಹಾಕಿಸಿದೆ.

“ಅವ್ವಾರ, ಸರಕಾರಂದ್ರ ಬೀಗರಲ್ರಿ” ಎಂದ ಅವನು.

“ನೀ ಬರಿ, ಬುದ್ಧಿ ಹೇಳಬ್ಯಾಡ” ಎಂದೆ.

ಅವರು ತಿರುಗಿ ಕೇಳಲಿಲ್ಲ. ನಿನ್ನ ಜಾಗಕ್ಕೆ ಬೇರೆ ಯಾರೋ ಬಂದರು. ನೀನು ನಿನ್ನ ವರದಿಯೇ ಕಸವೆಂದುಕೊಂಡಿ. ನಕ್ಷೆಗಳನ್ನು ರದ್ದಿಗೆ ಹಾಕಿ, ಗದಗಿನ ಕಾಲೇಜಿನಲ್ಲಿ ಪಾಠ ಹೇಳಲು ಸೇರಿ, ಸಮುದ್ರದ ಮಾತೇ ಬಿಟ್ಟಿ. ನಾನು ಎಲ್ಲ ನೋಡುತ್ತ ಆ ಲಕೋಟೆಯನ್ನು ಬಚ್ಚಿಟ್ಟುಕೊಂಡೆ. ತಪ್ಪಾಯಿತು ಎಂದು ಯಾರಿಗೂ ಹೇಳಿದವಳಲ್ಲ ನಾನು. ಈ ಸಾಲು ಬರೆಯುವುದರೊಳಗೆ ನಾಲ್ಕು ಹಾಳೆ ಹರಿದಿದ್ದೇನೆ. ತಪ್ಪಾಯಿತು, ಕೂಸೇ. ಅವರ ಕಾಗದ ಇದರ ಜೊತೆಗಿದೆ. ನಿನ್ನ ಕೆಲಸವನ್ನು ಎಷ್ಟು ಮೆಚ್ಚಿದ್ದರೆಂದು ನೀನೇ ಓದು.

ದೀಪಾವಳಿಗೆ ಬಾ ಎಂದು ಕರೆಯುವುದಿಲ್ಲ. ಬರುವುದು ಬಿಡುವುದು ನಿನಗೆ ಸೇರಿದ್ದು.

ನಿನ್ನ ಅವ್ವ,
ಚನ್ನಬಸವ್ವ

ತಾ.ಕ.: ಒಂದು ಸುಳ್ಳು ಬರೆದಿದ್ದೇನೆ. ಅವರು ಎರಡನೆಯ ಸಲವೂ ಕೇಳಿದರು. ಹದಿನೈದು ದಿನದ ಮೇಲೆ ಫೋನು ಬಂತು. ದಾಕ್ಷಾಯಿಣಿಯವರೇ ಎಂದು ಹಿಂದಿಯಲ್ಲಿ ಕೇಳಿದರು, ನಾನು ಹೌದೆಂದೆ. ಒಲ್ಲೆ ಎನ್ನಲು ಹೈಸ್ಕೂಲಿನ ಹಿಂದಿ ಸಾಕಾಯಿತು. ನೀನು ಅಷ್ಟು ದೂರ ಹೋಗುವುದು ನನಗೆ ಬೇಡವಾಗಿತ್ತು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ನೀನು ಯಾರದವ್ವಾ ಫೋನು ಎಂದು ಕೇಳಿದಿ. ರಾಂಗ್ ನಂಬರ್ ಎಂದೆ.