ಅಮ್ಮನ ಮೆಣಸಿನಕಾಯಿಯ ಬೀಜ

ಲೋ ತಮ್ಮಾ ಶೀನಾ,

ನಾನು ಕ್ಷೇಮ, ನೀನು ಕ್ಷೇಮವೇ ಎಂದು ಕೇಳುವ ಹಾಗಿಲ್ಲ. ಕೇಳುವುದೂ ಇಲ್ಲ. ನನ್ನ ಕೈಬರಹ ನೋಡಿ ನಗಬೇಡ. ಅಮ್ಮ ಸತ್ತ ವರ್ಷ ನಿನ್ನನ್ನು ನೋಡಿಕೊಳ್ಳಲಿ ಎಂದು ನನ್ನನ್ನು ಶಾಲೆ ಬಿಡಿಸಿದರು. ಅಷ್ಟು ಕಲಿತದ್ದರಲ್ಲೇ ಬರೆಯುತ್ತಿದ್ದೇನೆ. ನಿನ್ನ ಮೇಲೆ ಸಿಟ್ಟಿದೆ. ಅದನ್ನು ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ.

ಬಾಲ್ಕನಿಯಲ್ಲಿ ಕೂತು ನೀನು ಬೀಜ ಹಾಕಿದ ಆ ಬೆಳಿಗ್ಗೆ ನೆನಪಿದೆಯೇ? ಅಗಲ ಬಾಯಿಯ ಮಣ್ಣಿನ ಚಟ್ಟಿಗಳು, ಜರಡಿ ಹಿಡಿದ ಮಣ್ಣು, ಒದ್ದೆ ಪಂಚೆಯ ಚೂರಿನಲ್ಲಿ ಹಿಂದಿನ ದಿನವೇ ಕಟ್ಟಿಟ್ಟ ಬೀಜ. ಅಮ್ಮ ಬ್ಯಾಡಗಿ ಕಡೆಯಿಂದ ಸೆರಗಿನ ಗಂಟಿನಲ್ಲಿ ಮದರಾಸಿಗೆ ತಂದ ಜಾತಿ ಅದು. ಅಪ್ಪನ ರೈಲ್ವೆ ಕ್ವಾರ್ಟರ್ಸಿನಿಂದ ಈ ವೆಸ್ಟ್ ಮಾಂಬಲಂ ಫ್ಲ್ಯಾಟಿನವರೆಗೆ ಒಂದು ವರ್ಷವೂ ತಪ್ಪಿಸದೆ ಬೀಜ ಎತ್ತಿಟ್ಟು ಬೆಳೆಸಿದವನು ನೀನು. ಹಿಂದಿನ ಸಲದ ಗಿಡಗಳು ಎಲೆ ಮುದುಡಿ ಸತ್ತಿದ್ದವು. ಉಳಿದದ್ದು ಆ ಒಂದು ಹಿಡಿ ಬೀಜ. ಅಷ್ಟನ್ನೂ ಒಂದೇ ಸಲ ಹಾಕಿಬಿಟ್ಟೆಯಲ್ಲ, ಯಾಕೋ? ನಾಲ್ಕು ಕಾಳು ಎತ್ತಿಡಬಾರದಿತ್ತೇ?

“ಹಳೇ ಬೀಜ ಅಕ್ಕಾ, ಇನ್ನೊಂದು ವರ್ಷ ಇಟ್ರ ಹುಟ್ಟಂಗಿಲ್ಲ” ಎಂದೆ ನೀನು. ಪೇಂಟಿನವರು ಬಿಟ್ಟುಹೋದ ಪ್ಲಾಸ್ಟಿಕ್ ಬಕೆಟ್ಟನ್ನು ನಾನು ತಂದು ನಿನ್ನ ಮುಂದಿಟ್ಟೆ.

“ಇದರಾಗ ಹಾಕು. ಬಿದ್ರೂ ಒಡಿಯಂಗಿಲ್ಲ.”

“ಬ್ಯಾಡ. ಪ್ಲಾಸ್ಟಿಕ್ ಕಾಯ್ತದ, ಬೇರು ಬೇಯ್ತಾವ. ಮಣ್ಣಿಂದು ಉಸಿರಾಡ್ತದ.”

“ಹೂಂ, ನೀನೊಬ್ಬ ಉಸಿರಾಡೋದು ಸಾಲದು, ನಿನ್ನ ಚಟ್ಟಿನೂ ಉಸಿರಾಡಬೇಕು!”

ನೀನು ನಕ್ಕೆ. ಆ ವಾರ ಕಳೆಯುವುದರೊಳಗೆ, ಅದೇ ಬಾಲ್ಕನಿಯ ಕುರ್ಚಿಯಲ್ಲಿ, ಕೈಯಲ್ಲಿ ನೀರಿನ ಲೋಟ ಹಿಡಿದ ಹಾಗೆಯೇ... ಏನು ಬಾಯೋ ನನ್ನದು.

ಸೂತಕದ ದಿನಗಳಲ್ಲಿ ಮನೆ ನನ್ನದಾಗಿರಲಿಲ್ಲ. ನಿನಗೆ ಹೆಂಡತಿ ಮಕ್ಕಳಿಲ್ಲ. ತ್ರಿಪ್ಲಿಕೇನಿನಿಂದ ಚಿಕ್ಕಪ್ಪನ ಮಗ ಮಾಧು ಬಂದು ಕರ್ಮ ಮಾಡಿದ. ಅಡುಗೆ, ಮಡಿ, ಬಂದವರು ಹೋದವರು, ಎಲ್ಲ ಅವನ ಹೆಂಡತಿ ಪದ್ಮಳ ಕೈಯಲ್ಲಿ. ನಾನು ಮಾತ್ರ ದಿನಾ ಬೆಳಿಗ್ಗೆ ಬಾಲ್ಕನಿಗೆ ಹೋಗಿ ಚಟ್ಟಿಗಳಿಗೆ ನೀರು ಚಿಮುಕಿಸಿ ಬರುತ್ತಿದ್ದೆ. ನೀನು ಹೇಳಿದ ಹಾಗೆಯೇ, ಸುರಿಯದೆ, ಬೆರಳ ತುದಿಯಿಂದ. ಬೀಜ ಹುಟ್ಟಿತ್ತು ಕಣೋ. ಬಗ್ಗಿದ ಕತ್ತು ಎತ್ತಿ, ಎರಡೆರಡು ಎಲೆ ಬಿಟ್ಟು. ನಾನು ಯಾರಿಗೂ ಹೇಳಲಿಲ್ಲ. ಸತ್ತ ಮನೆಯಲ್ಲಿ ಅದನ್ನು ಯಾರ ಹತ್ತಿರ ಹೇಳಲಿ?

ಸೂತಕ ಕಳೆದು ಮನೆ ತೊಳೆದ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬಾಲ್ಕನಿ ಬೋಳಾಗಿತ್ತು.

“ಪದ್ಮಾ, ಚಟ್ಟಿ ಎಲ್ಲೇ?”

“ಮೈಲಿಗೆ ಆದ ಮಣ್ಣಿನ ಪಾತ್ರೆ ಇಟ್ಕೊಳ್ಳೋ ಹಾಗಿಲ್ವಲ್ಲ ಅಕ್ಕಾ. ಹಿತ್ತಾಳೆ, ಸ್ಟೀಲು ಆದ್ರೆ ತೊಳೀಬಹುದು. ಮಣ್ಣಿಂದು ತೊಳೆದ್ರೆ ಹೋಗತ್ತಾ? ಕೆಳಗೆ ಕಸದ ತೊಟ್ಟಿಗೆ ಹಾಕಿಸ್ದೆ.”

“ಅದು ಅಡಿಗಿ ಚಟ್ಟಿ ಅಲ್ಲಲೇ, ಗಿಡ! ಗಿಡ ಇತ್ತು!”

“ಗಿಡ ತಾನೆ, ಬೇರೆ ತರ್ಸಣ ಬಿಡಿ. ನರ್ಸರಿಲಿ ಬೇಕಾದಷ್ಟು ಸಿಗತ್ತೆ.”

ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದೆ. ಕಾರ್ಪೊರೇಷನ್ ಲಾರಿ ಬಂದುಹೋಗಿತ್ತು. ತೊಟ್ಟಿಯ ಬುಡದಲ್ಲಿ ಒಡೆದ ಚಟ್ಟಿಯ ಚೂರೊಂದು, ಅದಕ್ಕೆ ಅಂಟಿದ ಮಣ್ಣು. ಬೆರಳಿನಿಂದ ಕೆದಕಿದೆ. ಏನೂ ಇರಲಿಲ್ಲ. ಅಲ್ಲೇ ನಿಂತು ಪದ್ಮಳಿಗೆ ಬೈದೆ. ಕನ್ನಡ ಸಾಲದೆ ತಮಿಳಿನಲ್ಲೂ ಬೈದೆ. ಬೀದಿಯವರೆಲ್ಲ ಕಿಟಕಿಗೆ ಬಂದರು. ನಿನ್ನನ್ನು ಎತ್ತಿಕೊಂಡು ಹೋದಾಗ ನಾನು ಅತ್ತಿರಲಿಲ್ಲ, ಕಲ್ಲು ಅಂದರು. ಆ ದಿನ ತೊಟ್ಟಿಯ ಪಕ್ಕದಲ್ಲಿ ಕೂತು... ಬಿಡು. ಅವತ್ತಿನಿಂದ ಪದ್ಮಳ ಜೊತೆ ಮಾತಿಲ್ಲ.

ಅಮ್ಮನ ಜಾತಿಯ ಒಂದು ಕಾಯಿಯಾದರೂ ಸಿಕ್ಕೀತೆಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದೆ. ಇದ್ದದ್ದು ಸಾರಿನ ಪುಡಿ. ಹುರಿದು ಕುಟ್ಟಿದ್ದು ಹುಟ್ಟುತ್ತದೆಯೇ? ನಿನಗೆಂದು ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ ಸ್ವಲ್ಪ ಉಳಿದಿತ್ತು. ಅವುಗಳ ಹೊಟ್ಟೆ ಸೀಳಿ, ಬೀಜ ತೆಗೆದು, ನೀರಲ್ಲಿ ತೊಳೆದು ಮಣ್ಣಿಗೆ ಹಾಕಿದೆ. ನಗು, ನಗು. ಬಿಳಿ ಬೂಸ್ಟು ಬಂತು, ಅಷ್ಟೇ.

ನಿನ್ನ ವರ್ಷದ ಶ್ರಾದ್ಧದ ದಿನ ಅಡುಗೆಯವನಿಗೆ ಹೇಳಿದೆ, ಒಗ್ಗರಣೆಗೆ ಒಂದಾದರೂ ಮೆಣಸಿನಕಾಯಿ ಮುರಿದು ಹಾಕು ಎಂದು.

“ಶ್ರಾದ್ಧಕ್ಕೆ ಮೆಣಸಿನಕಾಯಿ ಇಲ್ಲಮ್ಮಾ, ಕಾಳುಮೆಣಸೇ. ಪಿತೃಗಳಿಗೆ ಅದು ಆಗಲ್ಲ.”

“ಈ ಪಿತೃ ಮೆಣಸಿನಕಾಯಿ ಇಲ್ದ ಒಂದು ತುತ್ತು ಉಂಡಾವಲ್ಲ!”

“ಅಕ್ಕಾ, ಇವತ್ತೊಂದಿನ ಸುಮ್ನಿರು” ಎಂದ ಮಾಧು. ಪದ್ಮ ತಲೆ ಎತ್ತಲಿಲ್ಲ. ಆ ಊಟ ನಿನಗೆ ಸೇರಿತೇ? ಇಲ್ಲಾ, ಎಲೆ ಮುಂದೆ ಕೂತು ಹಾಗೇ ಎದ್ದು ಹೋದೆಯೋ...

ಮೊನ್ನೆ ಕೆಳಮನೆಯ ಸೆಲ್ವಿ ಬಂದಳು. ಮಗಳ ಬಾಣಂತನ, ಆಮೇಲೆ ಹೊಲದ ಕೆಲಸ ಎಂದು ವರ್ಷವೆಲ್ಲ ರಾಮನಾಥಪುರದ ಕಡೆ ತನ್ನ ಊರಲ್ಲೇ ಇದ್ದವಳು. ನಿನ್ನ ಫೋಟೋ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಕೈಯಲ್ಲಿ ಕಾಗದದ ಪೊಟ್ಟಣ.

“ಸಾರ್ ಕೊಡುತ್ತ ವಿದೈ, ಮಾಮಿ. ಊರ್ಲ ಪೋಟ್ಟೇನ್.”

ಹಿಂದೊಮ್ಮೆ ನೀನು ಕೊಟ್ಟ ಬೀಜವಂತೆ. ಊರಿನ ಹಿತ್ತಲಲ್ಲಿ ಅವರ ಗುಂಡು ಮೆಣಸಿನಕಾಯಿ ಸಾಲಿನ ನಡುವೆಯೇ ಹಾಕಿ, ಅದರ ಬೀಜದಿಂದ ಮತ್ತೆ ಬೆಳೆದಿದ್ದಾಳೆ. ನೀನಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದೆ. ಬೇರೆ ಜಾತಿ ಬೆರೆತು ಬೀಜ ಕೆಡುತ್ತದೆ ಎಂದು ಹೂವಿಗೆ ಬಟ್ಟೆ ಕಟ್ಟುತ್ತಿದ್ದವನಲ್ಲವೇ ನೀನು? ಪೊಟ್ಟಣದಲ್ಲಿದ್ದ ಒಣ ಕಾಯಿಗಳಲ್ಲಿ ಒಂದನ್ನು ಮುರಿದು ನಾಲಿಗೆಗಿಟ್ಟು ನೋಡಿದೆ. ಬಣ್ಣ ಅಮ್ಮನ ಕಾಯಿಯದೇ. ಸುಕ್ಕೂ ಅದೇ. ಖಾರ ಮಾತ್ರ ಅಮ್ಮನದಲ್ಲ, ನನ್ನದು. ಅಮ್ಮನ ಬೀಜ ಹೋಯಿತು ಶೀನಾ. ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡುವುದಿಲ್ಲ. ಉಳಿದದ್ದು ಇದು, ಅರ್ಧ ನಮ್ಮದು, ಅರ್ಧ ಸೆಲ್ವಿಯದು.

ಇವತ್ತು ಬೆಳಿಗ್ಗೆ ಪದ್ಮಳಿಗೆ ನಾನೇ ಫೋನ್ ಮಾಡಿದೆ.

“ಪ್ಲಾಸ್ಟಿಕ್ ಬಕೆಟ್ ಮೈಲಿಗೆ ಆದ್ರ ಎಸೀಬೇಕೇನ?”

ಅವಳಿಗೆ ಗಾಬರಿ. “ಇಲ್ಲಪ್ಪಾ, ಪ್ಲಾಸ್ಟಿಕ್ ತಾನೆ, ಮೇಲೆ ನೀರು ಹಾಕಿ ತೊಳೆದ್ರೆ ಆಯ್ತು. ಯಾಕಕ್ಕಾ, ಯಾರಿಗೆ ಏನಾಯ್ತು?”

“ಯಾರಿಗೂ ಏನೂ ಆಗಿಲ್ಲ” ಎಂದು ಇಟ್ಟೆ.

ಬೀಜ ಹಾಕಿದ್ದೇನೆ, ಅದೇ ಪೇಂಟ್ ಬಕೆಟ್ಟಿನಲ್ಲಿ. ಮೊಳೆ ಕಾಯಿಸಿ ತಳಕ್ಕೆ ತೂತು ಹಾಕಿದೆ. ಬಿಸಿಲಿಗೆ ಕಾಯದ ಹಾಗೆ ಸುತ್ತ ಒದ್ದೆ ಗೋಣಿ ಸುತ್ತಿದೆ. ಬೇರು ಬೇಯುವುದಿಲ್ಲ, ಅಲ್ಲಿಂದಲೇ ಕೂಗಬೇಡ. ಮಣ್ಣಿನ ಚಟ್ಟಿ ಮಾತ್ರ ಇನ್ನು ಈ ಮನೆಯೊಳಗೆ ಬರುವುದಿಲ್ಲ. ಇನ್ನೊಂದು ಸಲ ಸೂತಕ ಕಳೆದು ಈ ಮನೆ ತೊಳೆಯುವುದು ನನ್ನ ಹೆಸರಿನಲ್ಲಿ. ತೊಳೆಯಲು ಬರುವವಳೂ ಪದ್ಮಳೇ. ಅವಳು ಬಕೆಟ್ಟಿನ ಮೇಲೆ ನೀರು ಹಾಕಿ, ಇದ್ದ ಜಾಗದಲ್ಲೇ ಇಡುತ್ತಾಳೆ.

ನಿನ್ನ ಅಕ್ಕ