ಆಂಟೆನಾ ಹಿಡಿದ ಕೈ

ಭಾನುವಾರ, ಮಾರ್ಚ್ ೯

ನಿನ್ನೆ ಹವ್ಯಾಸಿ ರೇಡಿಯೋ ಕ್ಲಬ್ಬಿನವರು ನಮ್ಮ ಯಜಮಾನರಿಗೆ ಫಲಕ ಕೊಟ್ಟಾಗ ಇವರು ವೇದಿಕೆಯಲ್ಲಿ ಆಡಿದ ಮಾತು ಇನ್ನೂ ಕಿವಿಯಲ್ಲೇ ಕೊರೆಯುತ್ತಿದೆ. "ಆ ಪುಟ್ಟ ಉಪಗ್ರಹದ ಮೂಲಕ ನಲವತ್ತು ದೇಶದವರ ಹತ್ರ ಮಾತಾಡಿದೀನಿ. ಎಲ್ಲಾ ನಾನೊಬ್ಬನೇ, ಮನೆ ತಾರಸಿ ಮೇಲೆ ನಿಂತು."

ಒಬ್ಬರೇ ಅಂತೆ. ಇವರ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಮಾತಿಗೆ ಸಿಕ್ಕವರ ಹೆಸರು ಬರೆದುಕೊಳ್ಳಲು ಪೆನ್ನು. ಆಂಟೆನಾ ಹಿಡಿದು ಆಕಾಶದುದ್ದಕ್ಕೂ ತಿರುಗಿಸಿದವರು ಯಾರು, ಪಕ್ಕದ ಮನೆಯವರೇ? ಉಪಗ್ರಹ ಉರುಳುತ್ತಾ ಹೋಗುತ್ತದೆ. ಅದು ಹೊರಳಿದಂತೆ ಮಣಿಕಟ್ಟು ಹೊರಳಿಸದಿದ್ದರೆ ದನಿ ಮುಳುಗುತ್ತದೆ. ಮೊದಮೊದಲು ಇವರೇ ಬೈದು ಕಲಿಸಿದ್ದು. ಆಮೇಲೆ ಬೈಯಲು ನಾನು ಅವಕಾಶ ಕೊಡಲಿಲ್ಲ.

ಇವತ್ತು ಸಂಜೆ ಉಪಗ್ರಹ ನಮ್ಮೂರ ಮೇಲೆ ಹಾದುಹೋಗುವ ಹೊತ್ತಿಗೆ ತಾರಸಿಯಿಂದ ಕೂಗಿದರು. ಸೊಸೆ ಬಂದು, "ಅತ್ತೆ, ಮಾವ ಕರೀತಿದ್ದಾರೆ" ಎಂದಳು.

"ಒಬ್ಬರೇ ಮಾಡ್ತಾರಂತಲ್ಲ, ಮಾಡ್ಲಿ ಬಿಡು."

ಅವಳು ಮುಖ ತಿರುಗಿಸಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ಆಂಟೆನಾವನ್ನು ಬಟ್ಟೆ ಒಣಹಾಕುವ ಕಂಬಕ್ಕೆ ಕಟ್ಟಿದರಂತೆ. ಕಂಬ ತಿರುಗುತ್ತದೆಯೇ? ಯಾರದೋ ದೂರದ ದನಿ ಎರಡು ಮಾತಾಡಿ ಗೊರಗೊರ ಎನ್ನುತ್ತಾ ಮುಳುಗಿದ್ದು ಅಡುಗೆಮನೆಗೂ ಕೇಳಿಸಿತು. ಸೌಟು ಹಿಡಿದಿದ್ದ ನನ್ನ ಮಣಿಕಟ್ಟು ತನ್ನಷ್ಟಕ್ಕೆ ಹೊರಳಿತು. ನಾಚಿಕೆಗೆಟ್ಟ ಕೈ.

ಇವರು ತಪ್ಪು ಒಪ್ಪಿಕೊಳ್ಳುವುದು ಬೇಡ, ಪೆಚ್ಚುಮೋರೆ ಹಾಕಿಕೊಂಡು ಇಳಿದಿದ್ದರೂ ಸಾಕಿತ್ತು. ಊಟಕ್ಕೆ ಕೂತು ಮಗನಿಗೆ ಹೇಳಿದರು: "ಆ ಉಪಗ್ರಹದ ಬ್ಯಾಟರಿ ಹೋಗಿದೆ ಕಣೋ. ಪಾಪ, ಎಷ್ಟು ವರ್ಷ ದುಡೀತು!"

ಪಾಪ ಎನ್ನಲು ಇವರಿಗೂ ಬರುತ್ತದೆ. ನನಗೆ ಒಂದು ಸಲವಾದರೂ ಹಾಗೆ ಅಂದಿದ್ದಾರೆಯೇ?